ಕಾರಿನ ನಂಬರ್ ಪ್ಲೇಟ್ ಬದಲಿಸುವ ಮುನ್ನ: ಯಾವುದಕ್ಕೆ ಅವಕಾಶ ಇದೆ, ಎಷ್ಟು ಖರ್ಚು

ಕೆಲವು ವರ್ಷಗಳ ಹಿಂದೆ ನಮ್ಮ ಕಾರಿನ ಮುಂದಿನ ನಂಬರ್ ಪ್ಲೇಟ್ ಒಂದು ಮೂಲೆಯಲ್ಲಿ ಬಾಗಿತ್ತು. ಹತ್ತಿರದ ರೇಡಿಯಂ ಅಂಗಡಿಗೆ ಹೋದೆ. ಅಂಗಡಿಯವರು ಒಂದು ಆಲ್ಬಂ ತೆಗೆದು ಮುಂದಿಟ್ಟರು. ಓರೆ ಅಕ್ಷರ, ದಪ್ಪ ಅಕ್ಷರ, ನೆರಳಿರುವ ಅಕ್ಷರ... ಮದುವೆ ಕಾರ್ಡ್ ಆರಿಸುವ ಹಾಗೆ ಆರಿಸಬಹುದಿತ್ತು. "ಇದರಲ್ಲಿ ಐಎನ್‌ಡಿ ಅಂತಲೂ ಇದೆ ಸರ್, ಒರಿಜಿನಲ್ ಥರಾನೇ ಕಾಣ್ಸುತ್ತೆ" ಅಂದರು. ಚೆನ್ನಾಗಿದೆಯಲ್ಲ ಅಂತ ಹಾಕಿಸಿಕೊಂಡೆ. ಒಂದು ತಿಂಗಳೂ ಆಗಿರಲಿಲ್ಲ, ಸಿಗ್ನಲ್‌ನಲ್ಲಿ ಫೈನ್ ಬಿತ್ತು. ಆಮೇಲೆ ಕೂತು ನಿಯಮ ಓದಿದೆ. ಮೊದಲೇ ಓದಿದ್ದರೆ ಪ್ಲೇಟಿನ ದುಡ್ಡೂ ಉಳಿಯುತ್ತಿತ್ತು, ಫೈನೂ ಉಳಿಯುತ್ತಿತ್ತು.

ಆ ಓದಿನಿಂದ ನನಗೆ ತಿಳಿದ ಮುಖ್ಯ ವಿಷಯ ಇಷ್ಟೇ. ಆರ್‌ಸಿಯಲ್ಲಿ ನಂಬರ್ ಅಥವಾ ವಾಹನದ ವರ್ಗ ಬದಲಾದರೆ ಪ್ಲೇಟ್ ಬದಲಾಗುತ್ತದೆ. ಆರ್‌ಸಿ ಹಾಗೇ ಇದ್ದರೆ ಪ್ಲೇಟಿನ ರೂಪವೂ ಹಾಗೇ ಇರಬೇಕು. ಹಾಗಾಗಿ "ಸ್ಟೈಲ್ ಬದಲಿಸಬೇಕು" ಅಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ನಿಮಗೆ ಬದಲಾಗಬೇಕಿರುವುದು ಏನು ಅಂತ. ಅಕ್ಷರದ ಆಕಾರವಾ, ಬಣ್ಣವಾ, ನಂಬರಾ, ಅಥವಾ ಬರೀ ಹಳೆಯ ತಗಡಾ? ಒಂದೊಂದಕ್ಕೂ ದಾರಿ ಬೇರೆ, ಖರ್ಚು ಬೇರೆ.

ಅಕ್ಷರ, ಅಳತೆ: ಇಲ್ಲಿ ಆಯ್ಕೆ ಇಲ್ಲ

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಇದರ 50 ಮತ್ತು 51ನೇ ನಿಯಮಗಳಲ್ಲಿ ನಂಬರ್ ಪ್ಲೇಟಿನ ಎಲ್ಲಾ ವಿವರ ಇದೆ. ಕಾರಿನ ಪ್ಲೇಟಿಗೆ ಎರಡೇ ಅಳತೆ. ಒಂದು 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರದ ಉದ್ದನೆಯ ಪ್ಲೇಟ್. ಇನ್ನೊಂದು 340 ಮಿ.ಮೀ. ಉದ್ದ, 200 ಮಿ.ಮೀ. ಎತ್ತರದ, ಎರಡು ಸಾಲಿನ ಪ್ಲೇಟ್. ಅಕ್ಷರ ಮತ್ತು ಅಂಕಿಗಳ ಎತ್ತರ 65 ಮಿ.ಮೀ., ದಪ್ಪ 10 ಮಿ.ಮೀ., ನಡುವಿನ ಜಾಗ 10 ಮಿ.ಮೀ. ಇರಬೇಕು. ಮುಂದಿನ ಪ್ಲೇಟಿಗೂ ಇದೇ, ಹಿಂದಿನದಕ್ಕೂ ಇದೇ.

ಉದ್ದನೆಯದು ಬೇಕಾ, ಎರಡು ಸಾಲಿನದು ಬೇಕಾ ಅನ್ನುವುದೂ ನಿಜವಾಗಿ ನಿಮ್ಮ ಕೈಯಲ್ಲಿಲ್ಲ. ಬಂಪರ್ ಮೇಲೆ, ಡಿಕ್ಕಿ ಬಾಗಿಲ ಮೇಲೆ ಕಂಪನಿ ಎಷ್ಟು ಜಾಗ ಬಿಟ್ಟಿದೆಯೋ ಅದಕ್ಕೆ ಹೊಂದುವ ಅಳತೆಯೇ ಬರುತ್ತದೆ. ಹಿಂದೆ ಚೌಕದಂಥ ಗುಂಡಿ ಇರುವ ಕಾರಿಗೆ ಉದ್ದನೆಯ ಪ್ಲೇಟ್ ಕೂರಿಸಿದರೆ ಎರಡೂ ಬದಿ ಚಾಚಿಕೊಂಡು ನಿಲ್ಲುತ್ತದೆ. ನೋಡೋಕೂ ಚೆನ್ನಾಗಿರುವುದಿಲ್ಲ ಬಿಡಿ.

ಫ್ಯಾನ್ಸಿ ಅಕ್ಷರ ಯಾಕೆ ಬೇಡ ಅನ್ನುತ್ತಾರೆ? 8055 ಅಂಕಿಯನ್ನು ಸ್ವಲ್ಪ ತಿರುಚಿ "ಬಾಸ್" ಅಂತ ಓದುವ ಹಾಗೆ ಬರೆಸುವುದು ನೀವೂ ನೋಡಿರುತ್ತೀರಿ. ಬರೆಸಿದವರಿಗೆ ಖುಷಿ. ಆದರೆ ಗುದ್ದಿ ಓಡಿದ ಕಾರಿನ ನಂಬರನ್ನು ಎರಡು ಸೆಕೆಂಡಿನಲ್ಲಿ ಓದಿ ನೆನಪಿಟ್ಟುಕೊಳ್ಳಬೇಕಾದವರಿಗೆ ಅದು 8055 ಅಂತ ಹೊಳೆಯುವುದೇ ಇಲ್ಲ. ಸಿಗ್ನಲ್ ಕ್ಯಾಮೆರಾಗೂ ಇದೇ ತೊಂದರೆ. ಅದು ತಪ್ಪಾಗಿ ಓದಿದರೆ ನಿಮ್ಮ ಫೈನ್ ಯಾವನೋ ಪಾಪದವನ ಮನೆಗೆ ಹೋಗುತ್ತದೆ.

ಹಿಂದಿನ ಪ್ಲೇಟಿಗೆ ದೀಪವೂ ಬೇಕು. ರಾತ್ರಿ ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಇಡೀ ನಂಬರ್ ಓದಲು ಬರಬೇಕು ಅನ್ನುವುದು ನಿಯಮ. ನೀಲಿ ಎಲ್‌ಇಡಿ, ಕಪ್ಪು ಛಾಯೆಯ ಅಕ್ರಿಲಿಕ್ ಕವರ್ ಇವೆಲ್ಲ ದುಡ್ಡು ಕೊಟ್ಟು ತೊಂದರೆ ತಂದುಕೊಂಡ ಹಾಗೆ.

ಕನ್ನಡದಲ್ಲಿ ಬರೆಸಬಹುದಾ?

ನಮ್ಮಲ್ಲಿ ಬಹಳ ಜನ ಕೇಳುವ ಪ್ರಶ್ನೆ. ಕನ್ನಡ ಅಂಕಿಯ ಪ್ಲೇಟ್ ನೋಡಿದರೆ ನನಗೂ ಖುಷಿಯಾಗುತ್ತದೆ. ಆದರೆ ನಿಯಮ ನೇರವಾಗಿದೆ. ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ ಎಲ್ಲ ಕಡೆ ಬಳಸುವ 1, 2, 3ರಲ್ಲಿ ಇರಬೇಕು. ಬರೀ ಕನ್ನಡದ ಪ್ಲೇಟ್ ಹಾಕಿದರೆ ಅದು ದೋಷಪೂರಿತ ಪ್ಲೇಟ್. ಅಭಿಮಾನ ತೋರಿಸಲು ಗಾಜಿನ ಮೇಲೆ ಜಾಗ ಇದೆ, ಪ್ಲೇಟ್ ಮೇಲೆ ಇಲ್ಲ. ಜಾತಿ, ಪಕ್ಷ, ಸಂಘ, ಹುದ್ದೆ ಬರೆಸುವವರಿಗೂ ಇದೇ ಮಾತು. ನಂಬರ್ ಬಿಟ್ಟು ಬೇರೇನೂ ಅಲ್ಲಿ ಇರುವಂತಿಲ್ಲ.

ನಿಮ್ಮ ಪ್ಲೇಟ್ ಅಸಲಿಯಾ? ಮೊದಲು ನೋಡಿ

ಈಗ ಕಾನೂನು ಒಪ್ಪುವ ಸ್ಟೈಲ್ ಒಂದೇ. ಅದು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ. ಈ ಯೋಚನೆ ನಿಯಮದ ಪುಸ್ತಕಕ್ಕೆ ಬಂದಿದ್ದು 2001ರಲ್ಲಿ. 2019ರ ಏಪ್ರಿಲ್ 1ರ ನಂತರ ತಯಾರಾದ ಗಾಡಿಗಳಿಗೆ ಕಂಪನಿಯವರೇ ಇದನ್ನು ಕೊಡಬೇಕು ಅಂತಾಯಿತು. ಹಾಗಾಗಿ ಅದರ ನಂತರದ ಕಾರಾದರೆ ನಿಮ್ಮಲ್ಲಿ ಈಗಾಗಲೇ ಇದೆ.

ನೋಡುವುದು ಹೇಗೆ? ಪ್ಲೇಟಿನ ಎಡಗಡೆ ಮೇಲೆ ನೀಲಿ ಅಶೋಕ ಚಕ್ರದ ಹೊಲೊಗ್ರಾಂ ಇರುತ್ತದೆ. ಅಳತೆ 20 ಮಿ.ಮೀ. ಚೌಕ. ಓರೆ ಹಿಡಿದರೆ ಹೊಳಪು ಬದಲಾಗಬೇಕು. ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ. ಎಡಗಡೆ ಕೆಳಮೂಲೆಯಲ್ಲಿ ಲೇಸರ್‌ನಲ್ಲಿ ಕೊರೆದ ಒಂದು ಗುರುತು ಸಂಖ್ಯೆ. ಉಗುರಿನಿಂದ ಕೆರೆದರೂ ಹೋಗುವುದಿಲ್ಲ. ಇಂಥ ಸಂಖ್ಯೆ ಮುಂದಿನ ಪ್ಲೇಟಿಗೆ ಒಂದು, ಹಿಂದಿನದಕ್ಕೆ ಇನ್ನೊಂದು. ಎರಡೂ ನಿಮ್ಮ ಗಾಡಿಯ ಹೆಸರಿನಲ್ಲಿ ಸರ್ಕಾರದ ಆನ್‌ಲೈನ್ ನೋಂದಣಿ ವ್ಯವಸ್ಥೆಯಾದ ವಾಹನ್ ದಾಖಲೆಗೆ ಸೇರಿರುತ್ತವೆ. ಅಕ್ಷರಗಳು ಉಬ್ಬಿರುತ್ತವೆ, ಅವುಗಳ ಕಪ್ಪಿನ ಮೇಲೆ "ಇಂಡಿಯಾ" ಅನ್ನುವ ಸಣ್ಣ ಬರಹ ಓರೆಯಾಗಿ ಓಡಿರುತ್ತದೆ. ಕೂರಿಸಿರುವುದು ಸ್ಕ್ರೂನಿಂದಲ್ಲ, ಒಮ್ಮೆ ಹಾಕಿದರೆ ಮುರಿದೇ ತೆಗೆಯಬೇಕಾದ ಸ್ನ್ಯಾಪ್ ಲಾಕ್‌ನಿಂದ.

ಮೂರನೆಯದು ಮುಂದಿನ ಗಾಜಿನ ಒಳಗೆ ಅಂಟಿಸುವ ಸ್ಟಿಕ್ಕರ್. ಇದನ್ನು ಬಹಳ ಜನ ಅಲಂಕಾರ ಅಂದುಕೊಂಡು ಕಿತ್ತುಹಾಕುತ್ತಾರೆ. ನಿಯಮದ ಪ್ರಕಾರ ಇದೇ "ಮೂರನೇ ನೋಂದಣಿ ಫಲಕ". ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿಗೆ ತಿಳಿ ನೀಲಿ, ಡೀಸೆಲ್‌ಗೆ ಕಿತ್ತಳೆ, ಉಳಿದವಕ್ಕೆ ಬೂದು ಬಣ್ಣ. ಬಿಎಸ್ 6 (ಹೊಗೆ ಮಿತಿಯ ಹೊಸ ಮಾನದಂಡ) ಗಾಡಿಯಾದರೆ ಮೇಲೆ 1 ಸೆಂ.ಮೀ. ಹಸಿರು ಪಟ್ಟಿಯೂ ಇರುತ್ತದೆ. ಕೀಳಲು ಹೋದರೆ ತಾನೇ ಹರಿಯುವ ಹಾಗೆ ಮಾಡಿದ್ದಾರೆ. ಗಾಜು ಒಡೆದು ಹೊಸದು ಹಾಕಿಸಿದರೆ ಈ ಸ್ಟಿಕ್ಕರನ್ನೂ ಮತ್ತೆ ತರಿಸಿಕೊಳ್ಳಬೇಕು.

ರೇಡಿಯಂ ಅಂಗಡಿಯಲ್ಲಿ ಸಿಗುವ ನಕಲಿಯಲ್ಲಿ ಚಕ್ರವೂ ಇರುತ್ತದೆ, ಐಎನ್‌ಡಿಯೂ ಇರುತ್ತದೆ. ಇಲ್ಲದಿರುವುದು ದಾಖಲೆಗೆ ಸೇರಿದ ಆ ಲೇಸರ್ ಸಂಖ್ಯೆ.

ಹಳೆ ಕಾರಿಗೆ ಎಚ್‌ಎಸ್‌ಆರ್‌ಪಿ ಹಾಕಿಸುವುದು

ಕರ್ನಾಟಕದಲ್ಲಿ 2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಗಳಿಗೂ ಇದು ಕಡ್ಡಾಯ ಅಂತ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಬಂತು. ಮೊದಲ ಗಡುವು 2023ರ ನವೆಂಬರ್ 17. ಅದು 2024ರ ಫೆಬ್ರವರಿ 17ಕ್ಕೆ ಹೋಯಿತು, ಆಮೇಲೆ ಮೇ 31ಕ್ಕೆ, ಆಮೇಲೂ ಮುಂದಕ್ಕೆ ಹೋಗುತ್ತಲೇ ಇತ್ತು. ಇದನ್ನು ನೋಡಿಯೇ "ಇನ್ನೂ ಟೈಮ್ ಇದೆ" ಅಂತ ಕೂತವರು ಜಾಸ್ತಿ. ಈ ಪ್ಲೇಟ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿದರೆ 1,000 ರೂಪಾಯಿ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಈ ಪ್ಲೇಟ್ ಇಲ್ಲದ ಗಾಡಿಗೆ ಮಾಲೀಕತ್ವ ವರ್ಗಾವಣೆ, ವಿಳಾಸ ಬದಲಾವಣೆ, ಸಾಲದ ನಮೂದು ತೆಗೆಸುವುದು ಮುಂತಾದ ಕೆಲಸಗಳು ಆಗುವುದಿಲ್ಲ. ಕಾರು ಮಾರಲು ಹೊರಟಾಗ ಇದು ಗೊತ್ತಾಗಿ ಓಡಾಡುವವರನ್ನು ನೋಡಿದ್ದೇನೆ.

ಮಾಡುವ ಕ್ರಮ ಸುಲಭ. ಆರ್‌ಸಿ ಕೈಯಲ್ಲಿ ಇಟ್ಟುಕೊಂಡು ಕೂರಿ. ಗಾಡಿ ನಂಬರ್, ಚಾಸಿ ನಂಬರ್ ಮತ್ತು ಎಂಜಿನ್ ನಂಬರಿನ ಕೊನೆಯ ಅಂಕಿಗಳು ಬೇಕಾಗುತ್ತವೆ.

1. ಕರ್ನಾಟಕ ಸಾರಿಗೆ ಇಲಾಖೆಯ ಜಾಲತಾಣ ಅಥವಾ ವಾಹನ ತಯಾರಕರ ಒಕ್ಕೂಟವಾದ ಸಿಯಾಮ್‌ನ ಜಾಲತಾಣ ತೆರೆಯಿರಿ. ಈ ಎರಡರ ಮೂಲಕವೇ ಹೋಗಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡ ಕೊಂಡಿ ಒತ್ತಬೇಡಿ. ಅದೇ ಥರ ಕಾಣುವ ಮೋಸದ ತಾಣಗಳು ಬಹಳ ಜನರ ದುಡ್ಡು ನುಂಗಿವೆ.

2. ನಿಮ್ಮ ಕಾರಿನ ಕಂಪನಿ ಆರಿಸಿ. ಪ್ಲೇಟ್ ಮಾಡುವವರು ಕಂಪನಿಯಿಂದ ಕಂಪನಿಗೆ ಬೇರೆ. ಇದನ್ನು ತಪ್ಪಾಗಿ ಆರಿಸಿದರೆ ಮುಂದಿನ ಪುಟದಲ್ಲಿ "ವಿವರ ಹೊಂದುತ್ತಿಲ್ಲ" ಅಂತ ಬರುತ್ತದೆ.

3. ವಿವರ ತುಂಬಿ. ಆರ್‌ಸಿಯಲ್ಲಿ ಇರುವ ಹಾಗೆಯೇ, ಅಕ್ಷರಕ್ಕೆ ಅಕ್ಷರ. ಸೊನ್ನೆ ಮತ್ತು ಇಂಗ್ಲಿಷಿನ "ಓ" ಅಕ್ಷರ ಅದಲುಬದಲಾಗುವುದು ಇಲ್ಲೇ.

4. ಹತ್ತಿರದ ಡೀಲರ್, ದಿನ, ಸಮಯ ಆರಿಸಿ. ಕೆಲವು ಕಡೆ ಮನೆಗೇ ಬಂದು ಹಾಕುತ್ತಾರೆ. ಅದಕ್ಕೆ ಸ್ವಲ್ಪ ಹೆಚ್ಚು ಕೊಡಬೇಕು.

5. ಆನ್‌ಲೈನ್‌ನಲ್ಲೇ ದುಡ್ಡು ಕಟ್ಟಿ, ರಸೀದಿ ಉಳಿಸಿಕೊಳ್ಳಿ. ಕಾರಿಗೆ ಹೆಚ್ಚುಕಡಿಮೆ 700 ರೂಪಾಯಿ, ಬೈಕಿಗೆ 400ರ ಆಸುಪಾಸು. ಡೀಲರ್ ಹತ್ತಿರ ಹೋದಾಗ "ಫಿಟ್ಟಿಂಗ್ ಚಾರ್ಜ್" ಅಂತ ಕೈ ಚಾಚಿದರೆ ರಸೀದಿ ತೋರಿಸಿ. ಪ್ಲೇಟ್, ಲಾಕ್, ಸ್ಟಿಕ್ಕರ್, ಕೂರಿಸುವ ಕೆಲಸ ಎಲ್ಲ ಸೇರಿಯೇ ಆ ಬೆಲೆ. ಪ್ಲಾಸ್ಟಿಕ್ ಫ್ರೇಮ್ ತಗೊಳ್ಳಿ ಅಂತ ಒತ್ತಾಯ ಮಾಡಿದರೆ ಬೇಡ ಅನ್ನಬಹುದು.

6. ಆ ದಿನ ಕಾರು ತೆಗೆದುಕೊಂಡು ಹೋಗಿ. ಪ್ಲೇಟ್ ಮಾತ್ರ ಕೈಗೆ ಕೊಡುವ ಪದ್ಧತಿ ಇಲ್ಲ, ಗಾಡಿಗೇ ಕೂರಿಸಬೇಕು. ಕೂರಿಸುವ ಮೊದಲು ಎರಡೂ ಪ್ಲೇಟಿನ ನಂಬರ್ ನೀವೇ ಒಮ್ಮೆ ಓದಿ. ಲಾಕ್ ಬಿದ್ದ ಮೇಲೆ ತಪ್ಪು ಕಂಡರೆ ಮತ್ತೆ ಮೊದಲಿನಿಂದ.

ಹಳೆಯ ಪ್ಲೇಟನ್ನು ಅಲ್ಲೇ ಬಿಟ್ಟು ಬರುವುದಾದರೆ ನಿಮ್ಮ ಎದುರಿಗೇ ಬಗ್ಗಿಸಿ ಮುರಿಸಿ. ಓದಲು ಬರುವ ನಂಬರ್ ಪ್ಲೇಟ್ ಗುಜರಿಗೆ ಹೋಗಬಾರದು.

ಬಾಗಿದರೆ, ಮಾಸಿದರೆ, ಕಳೆದರೆ

ಈ ಪ್ಲೇಟ್ ಕನಿಷ್ಠ 5 ವರ್ಷ ಹಾಳಾಗದೆ ಇರಬೇಕು ಅನ್ನುವ ಖಾತರಿ ನಿಯಮದಲ್ಲೇ ಇದೆ. ಎರಡೇ ಮಳೆಗಾಲಕ್ಕೆ ಕಪ್ಪು ಪದರ ಎದ್ದು ಬಂದರೆ ಫೋಟೋ ತೆಗೆದು, ರಸೀದಿ ಜೊತೆ ಪ್ಲೇಟ್ ಕೊಟ್ಟವರಿಗೇ ದೂರು ಕೊಡಿ. ಸುಮ್ನೆ ಕಪ್ಪು ಪೇಂಟ್ ಹಚ್ಚಬೇಡಿ.

ಗುದ್ದಿ ಬಾಗಿದರೆ ಬದಲಿ ಪ್ಲೇಟಿಗೆ ಅದೇ ತಾಣದಲ್ಲಿ ಬುಕ್ ಮಾಡಬಹುದು. ಯಾವುದು ಹಾಳಾಗಿದೆಯೋ ಅದೊಂದನ್ನೇ ತರಿಸಿದರೆ ಸಾಕು. ಕಳ್ಳತನವಾದರೆ ಮಾತ್ರ ಮೊದಲು ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ, ಪ್ರತಿ ಪಡೆಯಿರಿ. ಬದಲಿ ಪ್ಲೇಟಿಗೆ ಅದು ಬೇಕೇ ಬೇಕು. ಅದಕ್ಕಿಂತ ಮುಖ್ಯವಾದ ಕಾರಣವೂ ಇದೆ. ಕದ್ದವನು ಆ ಪ್ಲೇಟ್ ಹಾಕಿಕೊಂಡು ಏನು ಮಾಡುತ್ತಾನೋ ಯಾರಿಗೆ ಗೊತ್ತು? ದೂರಿನ ತಾರೀಖೇ ನಿಮ್ಮ ಕಾವಲು.

ಬಣ್ಣ ಬದಲಿಸುವುದು ಅಂದರೆ ಕಾರಿನ ಕಸುಬು ಬದಲಿಸುವುದು

ಸ್ವಂತ ಬಳಕೆಗೆ ಬಿಳಿ ಪ್ಲೇಟ್, ಕಪ್ಪು ಅಕ್ಷರ. ಬಾಡಿಗೆ ಗಾಡಿಗೆ ಹಳದಿ ಪ್ಲೇಟ್, ಕಪ್ಪು ಅಕ್ಷರ. ನಾವೇ ಓಡಿಸಿಕೊಳ್ಳಲು ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ. ವಿದ್ಯುತ್ ಕಾರಿಗೆ ಹಸಿರು ಪ್ಲೇಟ್. ಅದರಲ್ಲಿ ಸ್ವಂತದ್ದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಅಕ್ಷರ. ತಾತ್ಕಾಲಿಕ ನೋಂದಣಿಗೆ ಹಳದಿ ಮೇಲೆ ಕೆಂಪು, ಡೀಲರ್ ಹತ್ತಿರ ಇರುವ ಗಾಡಿಗೆ ಕೆಂಪು ಮೇಲೆ ಬಿಳಿ.

ವೈಟ್ ಬೋರ್ಡ್ ಕಾರನ್ನು ಯೆಲ್ಲೋ ಬೋರ್ಡ್ ಮಾಡಬೇಕಾದರೆ ಆರ್‌ಟಿಒದಲ್ಲಿ ವಾಹನದ ವರ್ಗ ಬದಲಾಗಬೇಕು. ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ), ಬಾಡಿಗೆ ಗಾಡಿಯ ವಿಮೆ, ಬೇರೆ ತೆರಿಗೆ ಎಲ್ಲ ಜೊತೆಗೆ ಬರುತ್ತವೆ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕು. ಇಲ್ಲಿ ಪ್ಲೇಟಿನ 700 ರೂಪಾಯಿ ಲೆಕ್ಕಕ್ಕೇ ಇಲ್ಲ. ವರ್ಷ ವರ್ಷ ಕಟ್ಟುವ ವಿಮೆ ಎಷ್ಟು ಏರುತ್ತದೆ ಅಂತ ಮೊದಲೇ ವಿಮಾ ಕಂಪನಿಯಿಂದ ಬರೆಸಿಕೊಂಡು, ಆಮೇಲೆ ಆರ್‌ಟಿಒ ಮೆಟ್ಟಿಲು ಹತ್ತಿ.

ನಂಬರೇ ಬದಲಾಗಬೇಕು ಅಂದರೆ

ನಿಜವಾದ ಖರ್ಚು ಬರುವುದು ಇಲ್ಲಿ.

ಬೇರೆ ರಾಜ್ಯದ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೆಎ ನಂಬರ್ ಪಡೆಯಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಹಳೆಯ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ಫಾರಂ 27ರಲ್ಲಿ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಸ್ವಂತ ಬಳಕೆಯ ಕಾರಿಗೆ ಹೊಸ ನಂಬರಿನ ಶುಲ್ಕ 600 ರೂಪಾಯಿ, ಆರ್‌ಸಿ ಕಾರ್ಡಿಗೆ 200. ಅಷ್ಟೇನಾ ಅನ್ನಬೇಡಿ. ಆಮೇಲೆ ಬರುವುದು ಜೀವಿತಾವಧಿ ತೆರಿಗೆ. ಕರ್ನಾಟಕದಲ್ಲಿ ಹೊಸ ಕಾರಿಗೆ ಬೆಲೆ 5 ಲಕ್ಷದವರೆಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18 ಪರ್ಸೆಂಟ್ ತೆರಿಗೆ. ಅದರ ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸು ನೋಡಿ ಇದರಲ್ಲಿ ಕಡಿಮೆ ಮಾಡುತ್ತಾರೆ. ಹಾಗಿದ್ದರೂ ಮೂರು ವರ್ಷದ ಒಳ್ಳೆಯ ಕಾರಿಗೆ ಲಕ್ಷ ದಾಟುವುದು ಕಷ್ಟವೇನಲ್ಲ. ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯದ್ದನ್ನು ವಾಪಸ್ ಕೇಳಬಹುದು. ಅದಕ್ಕೆ ಅರ್ಜಿ ಹಾಕಬೇಕಾದ್ದು ಆ ರಾಜ್ಯದ ಆರ್‌ಟಿಒಗೆ. ಕಾಗದ ಜೋಪಾನ, ತಾಳ್ಮೆ ಇನ್ನೂ ಜೋಪಾನ.

ಕೆಲಸದ ಮೇಲೆ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರಿಗೆ ಬಿಎಚ್, ಅಂದರೆ ಭಾರತ್ ಸರಣಿ ಇದೆ. 2021ರ ಆಗಸ್ಟ್‌ನಲ್ಲಿ ಅಧಿಸೂಚನೆ ಬಂದು ಸೆಪ್ಟೆಂಬರ್ 15ರಿಂದ ಜಾರಿಗೆ ಬಂತು. ಮೊದಲು ನೋಂದಣಿ ವರ್ಷದ ಎರಡು ಅಂಕಿ, ಆಮೇಲೆ ಬಿಎಚ್, ನಾಲ್ಕು ಅಂಕಿಯ ನಂಬರ್, ಕೊನೆಗೆ ಅಕ್ಷರ. ರಕ್ಷಣಾ ಪಡೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರರು, ಸರ್ಕಾರಿ ಉದ್ದಿಮೆಗಳ ನೌಕರರು ಪಡೆಯಬಹುದು. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೂ ಸಿಗುತ್ತದೆ, ಅವರು ಫಾರಂ 60ರಲ್ಲಿ ಕಂಪನಿಯ ಪ್ರಮಾಣಪತ್ರ ಕೊಡಬೇಕು. ಮೊದಲು ಇದು ಹೊಸ ಕಾರಿಗೆ ಮಾತ್ರ ಇತ್ತು. 2022ರ ಡಿಸೆಂಬರ್‌ನ ತಿದ್ದುಪಡಿಯಿಂದ ಈಗಾಗಲೇ ನೋಂದಣಿಯಾದ ಕಾರನ್ನೂ ಬಿಎಚ್‌ಗೆ ಬದಲಿಸಬಹುದು.

ಇದರ ತೆರಿಗೆಯನ್ನು ಎರಡು ವರ್ಷಕ್ಕೊಮ್ಮೆ ಕಟ್ಟುತ್ತಾ ಹೋಗಬೇಕು. ಲೆಕ್ಕಕ್ಕೆ ಹಿಡಿಯುವ ದರ 10 ಲಕ್ಷದೊಳಗಿನ ಕಾರಿಗೆ 8 ಪರ್ಸೆಂಟ್, 20 ಲಕ್ಷದವರೆಗೆ 10, ಅದರ ಮೇಲೆ 12. ಡೀಸೆಲ್ ಆದರೆ 2 ಪರ್ಸೆಂಟ್ ಜಾಸ್ತಿ, ವಿದ್ಯುತ್ ಕಾರಾದರೆ 2 ಕಡಿಮೆ. ಕಂತು ಮರೆತರೆ ದಿನಕ್ಕೆ 100 ರೂಪಾಯಿ ದಂಡ ಓಡುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ವರ್ಗಾವಣೆ ಇಲ್ಲದವರಿಗೆ ಇದು ಬೇಡ. ಬಿಎಚ್ ಪ್ಲೇಟ್ ನೋಡೋಕೆ ಬೇರೆ ಥರ ಇದೆ ಅಂತ ಹಾಕಿಸಿಕೊಂಡವರಿದ್ದಾರೆ. ಕಾರು ಮಾರುವಾಗ ಕೊಳ್ಳುವವರು ಅರ್ಹರಲ್ಲದಿದ್ದರೆ ಮತ್ತೆ ಕೆಎ ನಂಬರ್ ಮಾಡಿಸಿ, ರಾಜ್ಯದ ತೆರಿಗೆ ಕಟ್ಟಿಸಬೇಕಾಗುತ್ತದೆ.

ಫ್ಯಾನ್ಸಿ ನಂಬರ್ ಬೇಕಾದವರು ಹೊಸ ಕಾರು ನೋಂದಣಿಯಾಗುವ ಮೊದಲೇ ಓಡಾಡಬೇಕು. ಬೇಡಿಕೆಯ ನಂಬರುಗಳು ಹರಾಜಿನಲ್ಲಿ ಹೋಗುತ್ತವೆ. ಡೆಲಿವರಿಗೆ ಮುಹೂರ್ತ ಇಟ್ಟುಕೊಂಡು ಹಿಂದಿನ ದಿನ ನಂಬರ್ ಹುಡುಕಿದರೆ ಸಿಗುವುದಿಲ್ಲ.

ಇನ್ನು 50 ವರ್ಷ ದಾಟಿದ ಕಾರು ಇಟ್ಟುಕೊಂಡಿರುವ ಅದೃಷ್ಟವಂತರಿಗೆ 2021ರ ನಿಯಮದಲ್ಲಿ ವಿಂಟೇಜ್ ಸರಣಿಯೇ ಬೇರೆ ಇದೆ. ರಾಜ್ಯದ ಅಕ್ಷರದ ನಂತರ ವಿಎ ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೂ ಬಿಡುವಂತಿಲ್ಲ.

ನಂಬರ್ ಬದಲಾದ ವಾರದಲ್ಲಿ ಮಾಡಬೇಕಾದ್ದು

ಹೊಸ ಪ್ಲೇಟ್ ಕೂರಿಸಿದ ಖುಷಿಯಲ್ಲಿ ಬಹಳ ಜನ ಇದನ್ನು ಮರೆಯುತ್ತಾರೆ. ಮೊದಲು ವಿಮಾ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಹೊಸ ನಂಬರ್ ಬರೆಸಿ. ಹಳೆ ನಂಬರಿನ ಪಾಲಿಸಿ ಹಿಡಿದು ಅಪಘಾತದ ಕ್ಲೇಮ್‌ಗೆ ಹೋದರೆ ಪ್ರಶ್ನೆ ಮೇಲೆ ಪ್ರಶ್ನೆ. ಎಮಿಷನ್ ಸರ್ಟಿಫಿಕೇಟನ್ನು ಹೊಸ ನಂಬರಿನಲ್ಲಿ ಮಾಡಿಸಿ. ಫಾಸ್ಟ್ಯಾಗ್ ಹಳೆ ನಂಬರಿಗೆ ಅಂಟಿಕೊಂಡಿರುತ್ತದೆ, ಅದನ್ನು ಕೊಟ್ಟ ಬ್ಯಾಂಕಿಗೆ ಹೊಸ ಆರ್‌ಸಿ ಕೊಟ್ಟು ಬದಲಿಸಿಕೊಳ್ಳಿ. ಹಳೆ ನಂಬರಿನ ಮೇಲೆ ಟ್ರಾಫಿಕ್ ಫೈನ್ ಬಾಕಿ ಇದ್ದರೆ ಎನ್‌ಒಸಿ ಕೇಳುವ ಮೊದಲೇ ತೀರಿಸಿ, ಇಲ್ಲದಿದ್ದರೆ ಅಲ್ಲೇ ಅರ್ಜಿ ನಿಂತುಬಿಡಬಹುದು. ಆಫೀಸಿನ ಗೇಟು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಪಟ್ಟಿಯಲ್ಲೂ ಬದಲಿಸಿ. ನಮ್ಮ ಕಟ್ಟಡದ ಕಾವಲುಗಾರರು ನಂಬರ್ ನೋಡಿಯೇ ಗೇಟ್ ತೆಗೆಯುತ್ತಾರೆ, ಮುಖ ನೋಡಿ ಅಲ್ಲ.